ಗುಡುಗುಡಿಯಿಂದ ‘ಶಕ್ಕರ್’ವರೆಗೆ

ಆದಿಲ್‌ಶಾಹಿಗಳು ಆಳಿದ್ದು ಬಿಜಾಪುರದಿಂದ, ಮಣ್ಣಾದದ್ದು ನಮ್ಮೂರು ಗೋಗಿಯಲ್ಲಿ. ಎಲ್ಲರೂ ಅಲ್ಲ, ಮೊದಲಿನವರು: 1510ರಲ್ಲಿ ತೀರಿಕೊಂಡ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೇ ಇಬ್ರಾಹಿಂ. ಸೂಫಿ ಸಂತ ಚಂದಾ ಹುಸೇನಿಯ ದರ್ಗಾದ ಆಸರೆ ಸಾಕೆಂದು ಬಂದು ಮಲಗಿದರು. ಇಂಥ ಊರಿನವರಿಗೆ ಗಿಟಾರ್, ಡ್ರಮ್ಸ್‌ಗಳ ಉಸಾಬರಿ ಯಾಕೆ ಎಂದು ಹಿರಿಯರು ಕೇಳಬಹುದು. ಆದರೆ ಇಪ್ಪತ್ತು ವರ್ಷ ತುಂಬಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಸಂಗೀತ ತಂಡ ಜಗತ್ತಿಗೆಲ್ಲ ಹೊತ್ತೊಯ್ದ ಸರಕು ನಮ್ಮ ಓಣಿಯ ತತ್ವಪದವೇ. ಏಕತಾರಿ, ದಮ್ಮಡಿ ಹಿಡಿದು ಬೆಳಗಿನ ತನಕ ಹಾಡುವ ಭಜನಿ ಮೇಳದವರಿಗೆ ಅದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಕಲಿತದ್ದು ಭರತನಾಟ್ಯ. ಗಿಟಾರ್ ಕೈಗೆ ಬಂದದ್ದು ಕಾಲೇಜಿನಲ್ಲಿ ಗೆಳೆಯನೊಬ್ಬ ಹಾಕಿದ ಸವಾಲಿನಿಂದ. ಮೊದಲ ತಂಡ ‘ಅಂತರಾಗ್ನಿ’. ಅದು ಚದುರಿದ ಮೇಲೆ 2005ರ ಸುಮಾರಿಗೆ ಕಟ್ಟಿದ್ದು ಈ ಪ್ರಾಜೆಕ್ಟ್. ಬಾಗಿಲು ತೆರೆದಿಟ್ಟ ಮನೆ ಇದು. ವಾದಕರು ಬಂದರು, ಹೋದರು. ಭಜನಿ ಮೇಳದಲ್ಲೂ ಹಾಗೆಯೇ ಅಲ್ಲವೆ? ತಾಳ ಹಿಡಿಯುವವ ಬದಲಾದರೆ ಪದ ನಿಲ್ಲುವುದಿಲ್ಲ.

ರೆಕಾರ್ಡಿಂಗ್ ಕಂಪನಿಗಳು ವರ್ಷಗಟ್ಟಲೆ ಬೇಡವೆಂದ ಮೇಲೆ, 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಮೊದಲ ಆಲ್ಬಂ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ (1819–1889) ಎರಡು ಪದಗಳಿದ್ದವು: ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’. ನನ್ನ ಮಟ್ಟಿಗೆ ಆ ಆಲ್ಬಂ ನಿಂತಿರುವುದೇ ಈ ಎರಡರ ಮೇಲೆ.

ಗುಡುಗುಡಿಯ, ಅಂದರೆ ಹುಕ್ಕಾದ, ವಿಷಯ ಸ್ವಲ್ಪ ಹೇಳಬೇಕು. ಹಳ್ಳಿ ಹಾಡಿಗೆ ಅಮಲು ಬೆರೆಸಿದವರು ದೂರದಲ್ಲೂ ಇದ್ದರು. 1969ರ ಹೊತ್ತಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆ ‘ನ್ಯೂ ರೈಡರ್ಸ್ ಆಫ್ ದ ಪರ್ಪಲ್ ಸೇಜ್’ ಎಂಬ ತಂಡ ಹುಟ್ಟಿತು. ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ ಅಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತಿದ್ದ. ದನಗಾಹಿಗಳ ಹಳ್ಳಿ ಹಾಡಿಗೆ ಅಮಲಿನ ಲೋಕವನ್ನು ಬೆಸೆದ ಆ ಬಗೆಗೆ ಸೈಕೆಡೆಲಿಕ್ ಕಂಟ್ರಿ ರಾಕ್ ಎಂದು ಹೆಸರಾಯಿತು. ಶರೀಫರು ಅದಕ್ಕೂ ಎಷ್ಟೋ ಮೊದಲೇ ಹುಕ್ಕಾ ಹೊತ್ತಿಸಿದ್ದರು. ಅವರ ಪದದಲ್ಲಿ ಮೋಹವೇ ಭಂಗಿ, ಬುದ್ಧಿಯೇ ಮೇಲಿನ ಕೆಂಡ. ಅಮಲಿನ ಮಾತಿನಲ್ಲೇ ಅಮಲಿಳಿಸುವ ಕಸುಬು ಇದು. ಹೊಗೆ ಬಿಡುವ ಪಡ್ಡೆಗಳು ಕುಣಿಯುತ್ತ ಕೇಳಿದರೂ ಪದಕ್ಕೆ ಮುಕ್ಕಾಗದು. ಸಿ. ಅಶ್ವತ್ಥ್ ಶರೀಫರನ್ನು ಏರುದನಿಯಲ್ಲಿ ಮನೆಮನೆಗೆ ತಲುಪಿಸಿದ್ದರು. ಲುಂಗಿ ಉಟ್ಟು ಗೆಜ್ಜೆ ಕಟ್ಟಿದ ರಘು ಆ ದನಿಯನ್ನು ಅನುಕರಿಸಲಿಲ್ಲ. ಓಟ ಹೆಚ್ಚಿಸಿದರು, ಪಿಟೀಲನ್ನು ಗಿಟಾರಿನ ಮೇಲೆ ಹತ್ತಿಸಿದರು. ಒಮ್ಮೊಮ್ಮೆ ಆ ಓಟದಲ್ಲಿ ಮಾತು ನುಂಗಿಹೋಗುತ್ತದೆ ಎಂಬ ತಕರಾರು ನನಗಿದೆ.

ಆಮೇಲಿನದು ಪತ್ರಿಕೆಗಳಲ್ಲಿ ಬಂದದ್ದೇ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ. 2013ರಲ್ಲಿ ಎರಡನೇ ಆಲ್ಬಂ ‘ಜಗ್ ಚಂಗಾ’. ಅದರಲ್ಲೂ ಶರೀಫರ ‘ಲೋಕದ ಕಾಳಜಿ’.

ಮೂರನೆಯದಕ್ಕೆ ಮಾತ್ರ ಹನ್ನೆರಡು ವರ್ಷ ಕಾಯಿಸಿದರು. ನಡುವೆ ಸಿನಿಮಾ ಕೆಲಸ, ‘ಲವ್ ಮಾಕ್ಟೇಲ್’, ‘ಆರ್ಕೆಸ್ಟ್ರಾ ಮೈಸೂರು’ ಮುಂತಾದವು. 2025ರಲ್ಲಿ ‘ಶಕ್ಕರ್’ ಬಂತು. ಹಾಡುಗಳನ್ನು ಮೊಬೈಲಿನಲ್ಲಿ ಬಿಡಿಬಿಡಿಯಾಗಿ ಕೇಳಿ ಮರೆಯುವ ಈ ಕಾಲದಲ್ಲಿ ಇಡೀ ಆಲ್ಬಂ ಕಟ್ಟುವುದೇ ಹಟದ ಕೆಲಸ, ಆ ಹಟ ನನಗೆ ಹಿಡಿಸುತ್ತದೆ.

ಇನ್ನು ಒಂದು ಬೇಡಿಕೆ. ತಂಡದ ಮೊದಲೆರಡು ಆಲ್ಬಂಗಳ ತತ್ವಪದವೆಂದರೆ ಶರೀಫರದೇ. ಜೇವರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಪದಗಳು ನಮ್ಮ ಶಹಾಪುರ, ಸುರಪುರದ ಕಡೆ ಇಂದಿಗೂ ಬಾಯಿಂದ ಬಾಯಿಗೆ ನಡೆದಿವೆ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರವೂ ಹಾಗೆಯೇ. ನಾಲ್ಕನೇ ಆಲ್ಬಂಗೆ ರಘು ಅವುಗಳಲ್ಲಿ ಒಂದನ್ನಾದರೂ ಎತ್ತಿಕೊಳ್ಳಲಿ. ಧಾಟಿ ಹೇಳಿಕೊಡಲು ನಮ್ಮ ಮೇಳದವರಿದ್ದಾರೆ, ಗಿಟಾರ್ ಅವರೇ ತರಲಿ.