ಮೃಗಕ್ಕೂ ಮಸೂರಕ್ಕೂ ನಡುವಿನ ಅಂತರ

ತುಂಗಭದ್ರೆಯ ಬಲದಂಡೆಯ ಮೇಲೆ ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದಿಂದ ವಿಖ್ಯಾತವಾದ ಹರಿಹರವೂ, ಹತ್ತಿಯ ಗಿರಣಿಗಳಿಂದ ಹೆಸರು ಪಡೆದ ದಾವಣಗೆರೆಯೂ ಮಲೆನಾಡಿನ ಅಂಚು ಮುಗಿದು ಬಯಲುಸೀಮೆ ಹರಡಿಕೊಳ್ಳುವ ಎಡೆಯಲ್ಲಿ ನೆಲೆಗೊಂಡಿವೆ. ಹೊಳೆಯನ್ನು ದಾಟಿ ಮುಂದೆ ಹೋದರೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. ಈಚೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ. ಸುತ್ತಿನಲ್ಲಿ ಕೊಂಡಜ್ಜಿ, ಕುಂದುವಾಡ, ಶಾಂತಿಸಾಗರದಂಥ ಕೆರೆಗಳು. ಇಂಥ ನಾಡಿನಲ್ಲಿ ವನ್ಯಜೀವಿಗಳ ಚಿತ್ರ ತೆಗೆಯಹೊರಟವನು ಯಾವ ಮಸೂರವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆಯಬೇಕಾದರೆ, ಆ ಮಸೂರದ ಇತಿಹಾಸವನ್ನೂ ಈ ನೆಲದ ಸ್ವಭಾವವನ್ನೂ ಒಟ್ಟಿಗೆ ಪರಿಶೀಲಿಸಬೇಕಾಗುತ್ತದೆ.

ಮುಂದೆ ಪೀನಮಸೂರವನ್ನೂ ಹಿಂದೆ ನಿಮ್ನಮಸೂರವನ್ನೂ ಜೋಡಿಸಿ, ದೀರ್ಘವಾದ ಸಂಗಮದೂರವನ್ನು ಅದಕ್ಕಿಂತ ಗಿಡ್ಡವಾದ ಕೊಳವೆಯೊಳಗೆ ಅಡಗಿಸುವ ಉಪಾಯವನ್ನು ಇಂಗ್ಲೆಂಡಿನ ಥಾಮಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಟೆ ಮೊದಲಾದವರು 1891ರ ಸುಮಾರಿನಲ್ಲಿ ಬೇರೆಬೇರೆಯಾಗಿಯೇ ಕಂಡುಕೊಂಡರು. ಆದರೆ ಟೆಲಿ ಲೆನ್ಸುಗಳೆನಿಸಿದ ಆ ಕಾಲದ ಇಂಥ ಮಸೂರಗಳು ಒಳಗೆ ಬಿಟ್ಟುಕೊಳ್ಳುತ್ತಿದ್ದ ಬೆಳಕು ಅತ್ಯಲ್ಪವಾದುದರಿಂದ, ದೂರದ ಬೆಟ್ಟವನ್ನೋ ಗೋಪುರವನ್ನೋ ಅವು ಸೆರೆಹಿಡಿಯಬಲ್ಲವಾಗಿದ್ದುವೇ ಹೊರತು, ಓಡುವ ಮೃಗದ ಎದುರಿಗೆ ನಿರುಪಯುಕ್ತವಾಗಿದ್ದುವು. ಹೀಗಾಗಿ ವನ್ಯಜೀವಿಯ ಚಿತ್ರ ಬೇಕೆಂದವನು ಮೃಗದ ಸಮೀಪಕ್ಕೆ ತಾನೇ ಹೋಗಬೇಕಾಗಿತ್ತು, ಇಲ್ಲವೇ ಮೃಗವೇ ತನ್ನ ಬಳಿಗೆ ಬರುವಂತೆ ಹೊಂಚಬೇಕಾಗಿತ್ತು. ಉತ್ತರ ಭಾರತದ ಶಿವಾಲಿಕ ಕಾಡುಗಳಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲಿ ಹುಲಿಯ ದಾರಿಗೆ ತಂತಿ ಕಟ್ಟಿ, ಅದು ತಂತಿಯನ್ನು ತುಳಿದೊಡನೆ ಫ್ಲ್ಯಾಷ್ ಬೆಳಗಿ ಚಿತ್ರ ಮೂಡುವಂತೆ ಮಾಡಿದುದು ಈ ಅನಿವಾರ್ಯತೆಯಿಂದಲೇ.

ಕರ್ನಾಟಕದಲ್ಲಿ ಈ ಕಲೆಯನ್ನು ಬೆಳೆಸಿದ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮುಂತಾದವರ ಸಾಧನೆಯ ಹಿಂದೆ ಅಪಾರವಾದ ತಾಳ್ಮೆ ಇತ್ತು. ಗೂಡಿನ ಸನಿಹದಲ್ಲಿ ಸೊಪ್ಪುಬಟ್ಟೆಗಳ ಮರೆಯೊಂದನ್ನು ನಿರ್ಮಿಸಿ, ಹಕ್ಕಿಯು ಅದಕ್ಕೆ ಒಗ್ಗಿಕೊಳ್ಳುವವರೆಗೆ ಕಾಯುವುದು ಅಂದಿನ ಪಕ್ಷಿಛಾಯಾಗ್ರಹಣದ ಮುಖ್ಯ ವಿಧಾನವಾಗಿತ್ತು. ರಾಜ್ಯದ ಅರ್ಥಸಚಿವರಾಗಿದ್ದ ಘೋರ್ಪಡೆಯವರು ರಾಜಕಾರಣದ ನಡುವೆಯೂ ಕಾಡನ್ನು ಬಿಡದೆ, 1983ರಲ್ಲಿ ತಮ್ಮ ಛಾಯಾಗ್ರಹಣದ ದಿನಚರಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಆದರೆ ಮರೆಯ ವಿಧಾನಕ್ಕೆ ಗಿಡಮರಗಳ ಆಸರೆ ಬೇಕು. ಎರೆಭೂಮಿಯ ಬಯಲಿನಲ್ಲಿ ಮೇಯುವ ಕೃಷ್ಣಮೃಗವು ಮನುಷ್ಯನ ಆಕೃತಿಯನ್ನು ಬಹುದೂರದಿಂದಲೇ ಗುರುತಿಸಿ ನೆಗೆದು ಓಡುತ್ತದೆ. ಅಲ್ಲಿ ಅಡಗುವ ಎಡೆಯೇ ಇಲ್ಲ. ದಾವಣಗೆರೆ ಹರಿಹರಗಳ ಸೀಮೆಗೆ ನೀಳವಾದ ಮಸೂರ ಬೇಕಾದುದು ಈ ಕಾರಣದಿಂದ.

ಅಂಥ ಮಸೂರ ಸಾಧ್ಯವಾಗಲು ಗಾಜೇ ಬದಲಾಗಬೇಕಾಯಿತು. ಸಂಗಮದೂರ ಹೆಚ್ಚಿದಷ್ಟೂ ಬಣ್ಣಗಳು ಒಂದೇ ಬಿಂದುವಿನಲ್ಲಿ ಕೂಡದೆ ಅಂಚುಗಳಲ್ಲಿ ಚದರುವ ವರ್ಣದೋಷ ಪ್ರಬಲವಾಗುತ್ತದೆ. ಕ್ಯಾನನ್ ಸಂಸ್ಥೆ 1969ರಲ್ಲಿ ಕೃತಕ ಫ್ಲೋರೈಟ್ ಹರಳನ್ನು 300 ಮಿಲಿಮೀಟರ್ ಮಸೂರದಲ್ಲಿ ಬಳಸಿತು. ನಿಕಾನ್ ಸಂಸ್ಥೆ ಇದೇ ದೋಷದ ಪರಿಹಾರಕ್ಕೆ ಇಡಿ ಎಂಬ ವಿಶೇಷ ಗಾಜನ್ನು ರೂಪಿಸಿತು. 1980ರ ದಶಕದ ಉತ್ತರಾರ್ಧದಲ್ಲಿ ದೊಡ್ಡ ಟೆಲಿಗಳಿಗೆ ಆಟೋಫೋಕಸ್ ಕೂಡಿಬಂತು. 1999ರಲ್ಲಿ ಕ್ಯಾನನ್ನಿನ 300ರಿಂದ 600 ಮಿಲಿಮೀಟರ್‌ವರೆಗಿನ ಮಹಾಮಸೂರಗಳಿಗೆ ಕೈನಡುಕವನ್ನು ತಗ್ಗಿಸುವ ವ್ಯವಸ್ಥೆ ಒದಗಿತು. ಅದಕ್ಕೂ ಹಿಂದೆ, 1991ರ ಆರ್ಥಿಕ ಸುಧಾರಣೆಗೆ ಮೊದಲಂತೂ ಭಾರವಾದ ಆಮದುಸುಂಕದ ದೆಸೆಯಿಂದ ಇಂಥ ಉಪಕರಣ ನಮ್ಮಲ್ಲಿ ಮಧ್ಯಮವರ್ಗದವನಿಗೆ ಗಗನಕುಸುಮವಾಗಿತ್ತು.

ಈ ಮಸೂರಗಳ ಬೆಲೆ ಇಂದಿಗೂ ಹಲವು ಲಕ್ಷಗಳನ್ನು ಮುಟ್ಟುವುದೇಕೆಂದು ಕೇಳುವವರುಂಟು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾದಂದಿನಿಂದ ತಲೆಮಾರುಗಳ ಕಾಲ ಲೇತುಗಳನ್ನು ತಯಾರಿಸಿದ ಹರಿಹರದ ಕುಶಲಕರ್ಮಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ; ಒಂದು ಭಾಗ ಕೂದಲೆಳೆಯಷ್ಟು ಅಕ್ಷ ತಪ್ಪಿದರೂ ಇಡೀ ಯಂತ್ರ ಕೆಡುವಂತೆ ಇಲ್ಲಿಯೂ ಇಡೀ ಬಿಂಬ ಕೆಡುತ್ತದೆ. ಬೆಳಕಿನ ಲೆಕ್ಕವೂ ಅಷ್ಟೇ ನಿಷ್ಠುರವಾದುದು. 600 ಮಿಲಿಮೀಟರ್ ಮಸೂರ ಎಫ್/4 ದ್ವಾರವನ್ನು, ಅಂದರೆ ಸಂಗಮದೂರದ ಕಾಲುಭಾಗದಷ್ಟು ಅಗಲದ ದ್ವಾರವನ್ನು, ಹೊಂದಬೇಕಾದರೆ ಅದರ ಮುಂಗಾಜು 150 ಮಿಲಿಮೀಟರ್ ಅಗಲವಿರಲೇಬೇಕು. 500 ಮಿಲಿಮೀಟರಿನದು ಎಫ್/5.6ಕ್ಕೆ ತೃಪ್ತಿಪಟ್ಟರೆ ಸುಮಾರು 90 ಮಿಲಿಮೀಟರ್ ಸಾಕು. ಕ್ಯಾನನ್ನಿನ 600 ಎಫ್/4 ಮಸೂರ 1999ರಲ್ಲಿ 5.36 ಕಿಲೋಗ್ರಾಂ ತೂಗುತ್ತಿದ್ದುದು 2018ರಲ್ಲಿ 3.05ಕ್ಕೆ ಇಳಿಯಿತು. ಅದೇ ವರ್ಷ ನಿಕಾನ್ ಹೊರತಂದ 500 ಎಫ್/5.6 ಮಸೂರ ಗಾಜನ್ನು ತೆಳುವಾಗಿಸುವ ಫ್ರೆನೆಲ್ ತತ್ತ್ವದ ನೆರವಿನಿಂದ ಒಂದೂವರೆ ಕಿಲೋಗ್ರಾಮಿಗೂ ಕಡಿಮೆ ತೂಗಿತು.

ದಟ್ಟನೆರಳಿನ ಮಲೆನಾಡಿನ ಕಾಡಿನಲ್ಲಿ ಬೆಳಕು ವಿರಳ, ಪ್ರಾಣಿ ಕಂಡರೆ ಹತ್ತಿರ. ಅಲ್ಲಿ 300 ಎಫ್/2.8 ಅಥವಾ 400 ಎಫ್/2.8 ಉಚಿತ. ನಮ್ಮ ಬಯಲಿನಲ್ಲಿಯಾದರೋ ಬೆಳಕು ಯಥೇಚ್ಛ, ಅಂತರ ಅಧಿಕ. ಆದುದರಿಂದ ದೊಡ್ಡ ದ್ವಾರಕ್ಕಿಂತ ಉದ್ದಕ್ಕೂ ಹಗುರಕ್ಕೂ ಇಲ್ಲಿ ಪ್ರಾಶಸ್ತ್ಯ ಸಲ್ಲತಕ್ಕದ್ದು. ಅಷ್ಟು ಹಣವಿಲ್ಲದವನು ಹಳೆಯ 300 ಎಫ್/4 ಮಸೂರಕ್ಕೆ 1.4 ಪಟ್ಟಿನ ಟೆಲಿಕನ್ವರ್ಟರ್ ಜೋಡಿಸಿ 420 ಎಫ್/5.6ನ್ನು ಪಡೆಯಬಹುದು. ಆದರೆ ಬೇಸಗೆಯ ಹೊತ್ತು ಏರುತ್ತಲೇ ಕಾದ ನೆಲದಿಂದೇಳುವ ಝಳವು ಬಿಂಬವನ್ನು ನಡುಗಿಸುತ್ತದೆ. ಬಿಸಿಲ್ಗುದುರೆಯನ್ನು ಕಾಣಿಸುವ ಆ ಗಾಳಿಯನ್ನು ಎಷ್ಟು ಬೆಲೆಯ ಗಾಜೂ ಗೆಲ್ಲಲಾರದು. ಸೂರ್ಯೋದಯದಿಂದ ಮೊದಲೊಂದೆರಡು ಗಂಟೆಗಳೇ ಇಲ್ಲಿ ಟೆಲಿಯ ಕಾಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಬಂದೂಕನ್ನು ಕೆಳಗಿರಿಸಿತು. 1974ರಲ್ಲಿ ರಾಣೇಬೆನ್ನೂರಿನ ಬಯಲು ಅಭಯಾರಣ್ಯವಾಯಿತು. ಗೂಡಿನ ಬಳಿ ಕುಳಿತು ಮರಿಗಳಿಗೆ ಅಪಾಯ ತರಬಹುದಾದ ಅಗತ್ಯವನ್ನು ನೀಳಮಸೂರ ನಮ್ಮಿಂದ ನೀಗಿಸಿದೆ. ಇಷ್ಟಾಗಿಯೂ 600 ಮಿಲಿಮೀಟರ್ ಕೈಯಲ್ಲಿ ಹಿಡಿದು ಜಿಂಕೆಯ ಹಿಂಡನ್ನು ಜೀಪಿನಲ್ಲಿ ಅಟ್ಟುವವನು ತನ್ನ ಉಪಕರಣದ ಇತಿಹಾಸವನ್ನೇ ಅರಿಯದವನು. ಮಸೂರ ಕೊಳ್ಳುವ ಯುವಕಯುವತಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ನಿಮ್ಮ ಶಕ್ತಿಗೆ ಎಟಕುವ ಅತ್ಯಂತ ಉದ್ದದ, ಕೈಗೆ ಹಗುರವಾದ ಮಸೂರವನ್ನು ಆರಿಸಿಕೊಳ್ಳಿರಿ, ಮೃಗವು ಮೇವನ್ನು ಬಿಟ್ಟು ತಲೆಯೆತ್ತಿದ ಎಡೆಯಲ್ಲಿಯೇ ನಿಂತುಬಿಡಿರಿ.