ಕಾಯ್ದೆಯೊಂದು ಹೊರಗಟ್ಟಿದವರು

ದಾವಣಗೆರೆ, ಹರಿಹರಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲ. 1939ರಲ್ಲಿ ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಬರ್ಲಿನ್‌ನ ಯಹೂದಿ. ಅದಕ್ಕೂ ಮೊದಲೇ, 1935ರಲ್ಲಿ, ಸಿ.ವಿ. ರಾಮನ್ ಕರೆಗೆ ಓಗೊಟ್ಟು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಸೋದರಮಾವ, ಅಳಿಯ ಇಬ್ಬರಿಗೂ ಜರ್ಮನಿಯಲ್ಲಿ ಅನ್ನ ತಪ್ಪಿಸಿದ್ದು ಕಾಯ್ದೆ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸೆಲರ್ ಆದ. ಏಪ್ರಿಲ್ 7ಕ್ಕೆ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾಯ್ದೆ ಬಂತು. ಅಜ್ಜ-ಅಜ್ಜಿಯರು ನಾಲ್ವರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕಿತ್ತು. ಬಾರ್ನ್ ಕ್ರೈಸ್ತ ದೀಕ್ಷೆ ಪಡೆದು ಎಷ್ಟೋ ವರ್ಷಗಳಾಗಿದ್ದವು. ಅದು ಲೆಕ್ಕಕ್ಕೇ ಬರಲಿಲ್ಲ. ನೌಕರಿಯಿಂದ ಶುರುವಾದದ್ದು 60 ಲಕ್ಷ ಯಹೂದಿಗಳ ಹತ್ಯೆಯವರೆಗೆ ಹೋಯಿತು.

ಜನರೇ ಆರಿಸಿದ ಸರ್ಕಾರವಲ್ಲವೇ ಎನ್ನುವವರುಂಟು. ಅಧಿಕಾರ, ಪೊಲೀಸು ಕೈಯಲ್ಲಿದ್ದ 1933ರ ಮಾರ್ಚ್ ಚುನಾವಣೆಯಲ್ಲೂ ನಾತ್ಸಿಗಳ ಮತ ಶೇ. 44 ದಾಟಲಿಲ್ಲ. ಸಂಸತ್ತನ್ನು ಕೇಳದೆ ಕಾಯ್ದೆ ಮಾಡುವ ಅಧಿಕಾರ ಅದೇ ತಿಂಗಳ 23ರಂದು ಹಿಟ್ಲರ್‌ಗೆ ಸಿಕ್ಕಿತು. ಆ ಹೊತ್ತಿಗೆ ಕಮ್ಯುನಿಸ್ಟ್ ಸದಸ್ಯರಿಗೆ ಸದನವೇ ಮುಚ್ಚಿತ್ತು, ಸಮವಸ್ತ್ರದ ಪಡೆ ಒಳಗೇ ನಿಂತಿತ್ತು. ಹಾಗೆಂದು ನಮ್ಮ ಬಾಗಿಲು ಪೂರ್ತಿ ತೆರೆದಿತ್ತೆನ್ನುವುದೂ ಕಷ್ಟ. ರಾಮನ್ ಪಟ್ಟು ಹಿಡಿದರೂ ಬಾರ್ನ್‌ಗೆ ಕಾಯಂ ಹುದ್ದೆ ಸಿಗಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. ನೊಬೆಲ್ ಬಂದದ್ದು 1954ರಲ್ಲಿ. ಅಳಿಯ ವಿನ್ಯಾಸ ಮಾಡಿದ ಕಟ್ಟಡಗಳು ಅದೇ ಸಂಸ್ಥೆಯ ಆವರಣದಲ್ಲಿ ಎದ್ದವು.