ಮೂಟೆಗೆ ಹೆಸರಿದ್ದ ಕಾಲ, ಇಲ್ಲದ ಕಾಲ

ಮಲ್ಲಂದೂರಿನ ತೋಟದಿಂದ ಹೊರಟ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಮೂಟೆ ಅದನ್ನು ಸುಲಿದು ವಿಂಗಡಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಬಾಗಿಲು ದಾಟಿದ ಮೇಲೆ ಯಾರ ಕಾಫಿ ಎನಿಸಿಕೊಳ್ಳುತ್ತದೆ? ಈ ಪ್ರಶ್ನೆಗೆ ಕಾಲಕ್ಕೊಂದು ಉತ್ತರ ಸಿಕ್ಕಿದೆ. ಅಪ್ಪ ಆ ಊರಿನ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ನಾನು ಕಾಫಿ ಗೋದಾಮುಗಳ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದಲ್ಲಿದ್ದೇನೆ. ಹಾಗಾಗಿ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎರಡು ತಲೆಮಾರಿನದು.

ಬ್ರಿಟಿಷರ ಕಾಲದಲ್ಲಿ ಇಲ್ಲಿನ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಅಲ್ಲಿ ಸಿಪ್ಪೆ ಕಳೆದುಕೊಂಡು, ತೋಟದ ಗುರುತು ಹೊತ್ತೇ ಹಡಗು ಹತ್ತುತ್ತಿತ್ತು. ‘ಕ್ಯಾನನ್ಸ್ ಮೈಸೂರು’ ಎಂಬ ಗುರುತಿಗೆ ಲಂಡನ್ನಿನಲ್ಲಿ ಒಳ್ಳೆಯ ಬೆಲೆಯಿತ್ತು. ಆದರೆ ಹೀಗೆ ಹೆಸರು ಉಳಿಸಿಕೊಂಡವು ದೊಡ್ಡ ತೋಟಗಳು. ಐದಾರು ಮೂಟೆ ಬೆಳೆದವನ ಕಾಫಿ ವ್ಯಾಪಾರಿಯ ರಾಶಿಗೆ ಬಿದ್ದು ಅಲ್ಲೇ ಕರಗುತ್ತಿತ್ತು.

ಎರಡನೆಯ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿಸಿತು. ಬೆಳೆಗಾರರು ಮುಳುಗುವ ಹೊತ್ತಿಗೆ, 1940ರಲ್ಲಿ, ಕಾಫಿಯನ್ನೆಲ್ಲ ಒಂದೆಡೆ ಸೇರಿಸಿ ಮಾರುವ ವ್ಯವಸ್ಥೆಯನ್ನು ಸರ್ಕಾರ ತಂದಿತು. 1942ರ ಕಾಯ್ದೆ ಅದನ್ನು ಕಾಫಿ ಬೋರ್ಡಿನ ಕೈಯಲ್ಲಿ ಗಟ್ಟಿ ಮಾಡಿತು. ಇದೇ ಪೂಲ್. ಮನೆಗೆ, ಬಿತ್ತನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಪೂಲ್‌ಗೆ ಹಾಕಬೇಕು. ಕ್ಯೂರಿಂಗ್ ವರ್ಕ್ಸ್‌ಗಳೇ ಬೋರ್ಡಿನ ಏಜೆಂಟರು. ಅಲ್ಲಿ ಕಾಫಿಯ ಜಾತಿ, ದರ್ಜೆ ನೋಡಿ ಪಾಯಿಂಟ್ ಕಟ್ಟುತ್ತಿದ್ದರು. ಪಾಯಿಂಟಿಗೆ ಇಷ್ಟು ರೂಪಾಯಿ ಎಂದು ಬೋರ್ಡು ಘೋಷಿಸಿದಂತೆ ಹಣ ಕಂತು ಕಂತಾಗಿ ಬರುತ್ತಿತ್ತು.

ಪೂಲ್ ಅನ್ನು ಬೈಯುವವರು ಇಂದಿಗೂ ಇದ್ದಾರೆ. ನಾನು ಅವರ ಜೊತೆ ಸೇರುವುದಿಲ್ಲ. ಕೊಳ್ಳುವವನೇ ಇಲ್ಲದ ಕಾಲದಲ್ಲಿ ಅದು ಬೆಳೆಗಾರನ ಕೈಹಿಡಿಯಿತು, ಸಣ್ಣವನಿಗೂ ದೊಡ್ಡವನಿಗೂ ಪಾಯಿಂಟಿನ ದರ ಒಂದೇ ಆಗಿತ್ತು. ಆದರೆ ಅದು ತೆಗೆದುಕೊಂಡದ್ದೂ ಇದೆ. ಅಪ್ಪನ ಕಣದ ಪುಸ್ತಕದಲ್ಲಿ ತೋಟದ ಯಾವ ಪಟ್ಟೆಯ ಹಣ್ಣು, ಯಾವ ದಿನ ಪಲ್ಪ್ ಆಯಿತು, ಕಣದಲ್ಲಿ ಎಷ್ಟು ದಿನ ಒಣಗಿತು, ಎಲ್ಲ ಇತ್ತು. ಮೂಟೆ ಲಾರಿ ಹತ್ತಿದ ಮೇಲೆ ಅದನ್ನು ಕೇಳುವವರಿರಲಿಲ್ಲ. ಹರಾಜಿನಲ್ಲಿ ಮಾರಾಟವಾಗುತ್ತಿದ್ದುದು ದರ್ಜೆ. ಮಲ್ಲಂದೂರಿನ ಕಾಫಿಯೇ ಬೇಕೆಂದರೂ ಯಾರೂ ಕೊಳ್ಳುವಂತಿರಲಿಲ್ಲ. ಐವತ್ತು ವರ್ಷ ಹೀಗೇ ನಡೆಯಿತು.

1992ರಲ್ಲಿ ಬೆಳೆಯ ಶೇ. 30ರಷ್ಟನ್ನು ದೇಶದೊಳಗೆ ತಾವೇ ಮಾರಲು ಬೆಳೆಗಾರರಿಗೆ ಅನುಮತಿ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಆ ಪಾಲು ಹಿಗ್ಗಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳನ್ನು ಹಿಮ ಸುಟ್ಟು ಜಗತ್ತಿನ ಬೆಲೆ ಏರಿದಾಗ ನಮ್ಮ ಗುಡ್ಡಗಳಿಗೂ ದುಡ್ಡು ಹರಿಯಿತು. 1996ರ ಹೊತ್ತಿಗೆ ಮಾರುಕಟ್ಟೆ ಎಲ್ಲರಿಗೂ ಪೂರ್ತಿ ತೆರೆದುಕೊಂಡಿತ್ತು. ಮೂಟೆಗೆ ಮತ್ತೆ ಯಜಮಾನನ ಹೆಸರು ಬಂತು, ಗೋದಾಮಿನ ಲೆಕ್ಕ ಜಟಿಲವಾಯಿತು.

ಜಟಿಲ ಏಕೆಂದರೆ, ಕಾಫಿಯ ಲಾಟು ಒಳಗೆ ಹೋದ ಹಾಗೆ ಹೊರಗೆ ಬರುವುದಿಲ್ಲ. ಕಲ್ಲು, ಧೂಳು ತೆಗೆದು ಸಿಪ್ಪೆ ಸುಲಿದರೆ ನೂರು ಕಿಲೋ ಅರೇಬಿಕಾ ಪಾರ್ಚ್‌ಮೆಂಟ್ ಸುಮಾರು ಎಂಬತ್ತು ಕಿಲೋ ಬೀಜವಾಗುತ್ತದೆ. ಹಣ್ಣಾಗಿಯೇ ಒಣಗಿಸಿದ ಚೆರಿಯಾದರೆ ಸುಮಾರು ಅರ್ಧ. ಆ ಬೀಜ ಜರಡಿಯಲ್ಲಿ ಪೀಬೆರಿ, ಎ, ಬಿ, ಸಿ ಎಂದು ಒಡೆಯುತ್ತದೆ. ಆಮೇಲೆ ತೂಕದ ಯಂತ್ರ, ಬಣ್ಣದ ಯಂತ್ರ ಕಪ್ಪು ಬೀಜವನ್ನೂ ಚೂರನ್ನೂ ಬೇರೆ ಮಾಡುತ್ತವೆ. ಹಿಂದೆ ಸಾಲಾಗಿ ಕುಳಿತ ಹೆಂಗಸರು ಕೈಯಿಂದ ಆರಿಸುತ್ತಿದ್ದ ಕೆಲಸ ಅದು. ಹೀಗೆ ಒಂದು ಲಾಟು ಏಳೆಂಟು ರಾಶಿಯಾಗಿ, ಗೋದಾಮಿನ ಏಳೆಂಟು ಅಟ್ಟಿಗಳಲ್ಲಿ ಹೋಗಿ ಕೂರುತ್ತದೆ.

ಮೊದಲು ಬಂದ ಕಂಪ್ಯೂಟರುಗಳಿಗೆ ಗೊತ್ತಿದ್ದದ್ದು ಬಿಲ್ಲು, ದಾಸ್ತಾನು ಅಷ್ಟೇ. ಯಾವ ಅಟ್ಟಿಯಲ್ಲಿ ಎಷ್ಟಿದೆ ಎಂದು ಹೇಳುತ್ತಿದ್ದವು, ಮುಂದೇನು ಮಾಡಬೇಕು ಎಂಬುದು ಗೋದಾಮಿನ ಮೇಸ್ತ್ರಿಯ ತಲೆಯಲ್ಲಿರುತ್ತಿತ್ತು. ಆ ‘ಮುಂದೇನು’ ಎಂಬುದನ್ನು ಹಿಡಿಯುವುದೇ ನಮ್ಮಂಥವರ ಕೆಲಸ. ಒಂದು ಕಂಟೇನರ್ ಎಂದರೆ 60 ಕಿಲೋದ 320 ಚೀಲ. ಮಂಗಳೂರು ಬಂದರಿಗೆ ಇಂತಿಂಥ ದಿನ ತಲುಪಬೇಕು ಎಂದು ಆರ್ಡರ್ ಬಂದರೆ, ಸುಲಿಯುವ ಯಂತ್ರಕ್ಕೆ ಯಾವ ಲಾಟು ಮೊದಲು, ಬಣ್ಣದ ಯಂತ್ರ ಎಷ್ಟು ಹೊತ್ತಿಗೆ ಖಾಲಿ, ಹಮಾಲಿಗಳು ಯಾವ ಅಟ್ಟಿ ಬಿಚ್ಚಬೇಕು ಎಂಬುದನ್ನು ಸಾಫ್ಟ್‌ವೇರ್ ಗಳಿಗೆಗಳಿಗೆಗೂ ಲೆಕ್ಕ ಹಾಕುತ್ತದೆ. ಯಂತ್ರ ಕೆಟ್ಟರೆ ಲೆಕ್ಕವನ್ನು ಮತ್ತೆ ಕಟ್ಟುತ್ತದೆ. ಮೇಸ್ತ್ರಿಯನ್ನು ಕೇಳದೆ ಇದನ್ನು ಬರೆಯಲು ಹೊರಟವರು ಮಳೆಗಾಲದಲ್ಲಿ ಕಲಿಯುತ್ತಾರೆ. “ಅಕ್ಕ, ಗೋಡೆ ಪಕ್ಕದ ಅಟ್ಟಿ ಮೊದಲು ತೆಗೀರಿ, ಥಂಡಿ ಹಿಡೀತಿದೆ” ಎಂದು ಮೇಸ್ತ್ರಿ ಅಂದದ್ದೇ ಇಂದು ನಮ್ಮಲ್ಲಿ ತೇವಾಂಶದ ನಿಯಮವಾಗಿದೆ.

ಈಗ ಹೆಸರಿನ ಪ್ರಶ್ನೆ ಹೊರದೇಶದಿಂದಲೂ ಬಂದಿದೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಕಾಡು ಕಡಿದ ಜಾಗದ ಕಾಫಿ ಬೇಡ ಎಂದು ಯುರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯ ದಿನ ಮುಂದೆ ಹೋಗಿದ್ದರೂ, ಬೆಳೆದ ಜಾಗವನ್ನು ನಕ್ಷೆಯಲ್ಲಿ ತೋರಿಸಲೇಬೇಕೆಂಬ ಷರತ್ತು ಅದರಲ್ಲಿದೆ. ಮುತ್ತೋಡಿ ಕಾಡಿನ ಅಂಚಿನಲ್ಲಿರುವ, ಮರದ ನೆರಳಲ್ಲೇ ಕಾಫಿ ಬೆಳೆಯುವ ಮಲ್ಲಂದೂರಿನಂಥ ಊರಿಗೆ ತನ್ನ ಕಾಫಿ ಎಲ್ಲಿಯದೆಂಬುದು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಸಂಗತಿ. ಹಾಗೆ ಹೇಳಬೇಕಾದರೆ ಅಪ್ಪ ಬರೆಯುತ್ತಿದ್ದ ಪಟ್ಟೆಯ ಹೆಸರು ಬಂದರಿನವರೆಗೂ ಅಳಿಯದೆ ಹೋಗಬೇಕು.

ತೊಡಕಿರುವುದು ಇಲ್ಲೇ. ಲಾಟು ಬದಲಾದಾಗಲೆಲ್ಲ ಯಂತ್ರ ನಿಲ್ಲಿಸಿ, ಎಲಿವೇಟರಿನ ಬಕೆಟ್ಟುಗಳಲ್ಲಿ ಸಿಕ್ಕಿಕೊಂಡ ಬೀಜವನ್ನೂ ಬಿಡಿಸಿ ಸ್ವಚ್ಛ ಮಾಡಬೇಕು. ಸಮಯ ಉಳಿಸು ಎಂದಷ್ಟೇ ಹೇಳಿದರೆ ಸಾಫ್ಟ್‌ವೇರ್ ಒಂದೇ ಜಾತಿಯ ಲಾಟುಗಳನ್ನು ಕೂಡಿಸಿ ಓಡಿಸುವ ದಾರಿ ಹಿಡಿಯುತ್ತದೆ, ಇಲ್ಲವೇ ಸಣ್ಣ ಲಾಟನ್ನು ಸಾಲಿನ ಕೊನೆಗೆ ತಳ್ಳುತ್ತದೆ. ಪೂಲ್ ಕಾಯ್ದೆಯ ಬಲದಿಂದ ಮಾಡಿದ್ದನ್ನು ಇದು ಸದ್ದಿಲ್ಲದೆ ಮಾಡುತ್ತದೆ. ಅದೂ ಪೂಲ್ ಸಣ್ಣವನಿಗೆ ಕೊಟ್ಟ ಸಮಾನ ದರವನ್ನು ಕೊಡದೆ. ಆದ್ದರಿಂದ ಎಷ್ಟು ದಿನಕ್ಕಿಂತ ಹೆಚ್ಚು ಯಾವ ಲಾಟೂ ಕಾಯಬಾರದು ಎಂಬ ಮಿತಿಯನ್ನು ಯಂತ್ರದ ವೇಗಕ್ಕಿಂತ ಮೊದಲು ಬರೆಯಬೇಕೆಂದು ನಾನು ತಂಡದಲ್ಲಿ ಹಟ ಹಿಡಿದಿದ್ದೇನೆ. ಎಂಟು ಮೂಟೆ ತಂದವನ ಲಾಟಿಗಾಗಿ ಬಣ್ಣದ ಯಂತ್ರ ಅರ್ಧ ಗಂಟೆ ನಿಂತರೆ ನಿಲ್ಲಲಿ.